ಬಲಿತ ಕಾಯಿನೀರಿನಿಂದ ಗಾಯದ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೆಂಗಿನಕಾಯಿ ಪುಡಿ ಘಟಕಗಳಿಂದ ಚರಂಡಿ ಸೇರುವ ಕಾಯಿನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದು ಕಟ್ಟುವ ಸೆಲ್ಯುಲೋಸ್ (ಹತ್ತಿ, ಕಾಗದದಲ್ಲಿರುವ ನಾರಿನ ವಸ್ತು) ಹಾಳೆಯನ್ನು ಗಾಯದ ಡ್ರೆಸ್ಸಿಂಗ್ ಆಗಿಸುವ ಬಗ್ಗೆ ಘಟಕದವರೂ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆಗಳಿವು. ಹಾಳೆ ಬೆಳೆಸುವುದು ಹತ್ತು ದಿನದ ಕೆಲಸ, ಅಷ್ಟೇನೂ ಕಷ್ಟವಿಲ್ಲ. ಅದನ್ನು ತೆರೆದ ಗಾಯದ ಮೇಲೆ ಇಡಲು ತಕ್ಕುದಾಗಿ ಮಾಡುವುದರಲ್ಲೇ ಹೆಚ್ಚಿನವರು ಸೋಲುವುದು. ಹಾಗಾಗಿ ಕೆಳಗೆ ಬೆಳೆಸುವುದಕ್ಕಿಂತ ತೊಳೆಯುವುದರ ಮಾತೇ ಜಾಸ್ತಿ ಇದೆ.

ಕಾಯಿನೀರಿಗೂ ಗಾಯದ ಪಟ್ಟಿಗೂ ಏನು ಸಂಬಂಧ?

ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್ ಎಂಬ ಬ್ಯಾಕ್ಟೀರಿಯಾ ಇದೆ, ವಿನೆಗರ್ ಮಾಡುವ ಬಳಗದ್ದು. ಸಿಹಿ ಇರುವ ಹುಳಿ ದ್ರವದಲ್ಲಿ ಅದನ್ನು ಅಲುಗಾಡಿಸದೆ ಬಿಟ್ಟರೆ ಸಕ್ಕರೆಯನ್ನು ಸೆಲ್ಯುಲೋಸ್ ಎಳೆಗಳಾಗಿ ಹೆಣೆದು ಮೇಲ್ಮೈಯಲ್ಲಿ ಕೆನೆಯಂತೆ ಪದರ ಕಟ್ಟುತ್ತದೆ. 1886ರಲ್ಲೇ ಇಂಗ್ಲೆಂಡಿನ ಏಡ್ರಿಯನ್ ಬ್ರೌನ್ ಇದನ್ನು ದಾಖಲಿಸಿದ್ದ. ಫಿಲಿಪೀನ್ಸ್‌ನಲ್ಲಿ 1949ರಿಂದ ಇದೇ ಪದರವನ್ನು ಕಾಯಿನೀರಿನಲ್ಲಿ ಬೆಳೆಸಿ, ತುಂಡು ಮಾಡಿ, ಪಾಕದಲ್ಲಿ ಹಾಕಿ 'ನಾಟಾ ಡಿ ಕೊಕೊ' ಎಂದು ತಿನ್ನುತ್ತಾರೆ. ಬ್ರೆಜಿಲ್‌ನಲ್ಲಿ 1980ರ ದಶಕದಲ್ಲಿ ಇದೇ ಜಾತಿಯ ಹಾಳೆಯನ್ನು ಸುಟ್ಟ ಗಾಯಕ್ಕೆ ತಾತ್ಕಾಲಿಕ ಚರ್ಮದಂತೆ ಬಳಸಲು ಶುರುಮಾಡಿದರು.

ಗಿಡದ ಸೆಲ್ಯುಲೋಸ್ ಲಿಗ್ನಿನ್, ಹೆಮಿಸೆಲ್ಯುಲೋಸ್ ಎಂಬ ಬೇರೆ ವಸ್ತುಗಳ ಜೊತೆ ಬೆರೆತಿರುತ್ತದೆ, ಬೇರ್ಪಡಿಸಲು ರಾಸಾಯನಿಕ ಬಹಳ ಬೇಕು. ಇಲ್ಲಿ ಆ ತಾಪತ್ರಯವಿಲ್ಲ. ಎಳೆಯ ಅಗಲ ನೂರು ನ್ಯಾನೋಮೀಟರಿಗಿಂತ ಕಡಿಮೆ, ಅಂದರೆ ಕೂದಲಿಗಿಂತ ಸುಮಾರು ಸಾವಿರ ಪಟ್ಟು ಸಣ್ಣ. ಹಸಿ ಹಾಳೆಯ ತೂಕದಲ್ಲಿ 98-99% ನೀರೇ. ಆದರೂ ಎಳೆದರೆ ಬೇಗ ಹರಿಯುವುದಿಲ್ಲ.

ತಿಪಟೂರಿನಲ್ಲಿ ಎಲ್ಲೆಲ್ಲೂ ತೆಂಗು. ನೀರಿಗೆ ಕೊರತೆ ಇಲ್ಲವಲ್ಲ?

ಇದೆ. ತಿಪಟೂರು ಅಂದರೆ ಉಂಡೆ ಕೊಬ್ಬರಿ. ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಕೂತ ಕಾಯಿಯೊಳಗೆ ನೀರು ತಾನೇ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನುವಾಗ ಸುಲಿಯುತ್ತಾರೆ. ಅಲ್ಲಿ ನೀರು ಎಲ್ಲಿಂದ ಬಂತು? ನೀರು ಸಿಗುವುದು ಹಸಿ ಕಾಯಿ ಒಡೆದು ಪುಡಿ ಮಾಡುವ ಘಟಕಗಳಲ್ಲಿ. ಒಂದು ಬಲಿತ ಕಾಯಿಗೆ ಅರ್ಧ ಲೋಟದಿಂದ ಒಂದು ಲೋಟ. ಹತ್ತು ಸಾವಿರ ಕಾಯಿ ಒಡೆಯುವ ಕಡೆ ದಿನಕ್ಕೆ ಸಾವಿರ ಲೀಟರ್ ಆಸುಪಾಸು. ಹುಳಿತು ನಾರುವ ಈ ನೀರು ಕೆರೆಗೆ ಸೇರಿದರೆ ಅಲ್ಲಿನ ಆಮ್ಲಜನಕವನ್ನು ಮನೆ ಚರಂಡಿಯ ನೀರಿಗಿಂತ ಹತ್ತಾರು ಪಟ್ಟು ಹೀರುತ್ತದೆ. ಮಾಲಿನ್ಯ ಮಂಡಳಿಯ ನೋಟಿಸಿಗೆ ಇದೂ ಒಂದು ಕಾರಣ.

ದೇವಸ್ಥಾನದಲ್ಲಿ ಒಡೆದ ಕಾಯಿಯ ನೀರು ಆಗುತ್ತದೆಯೇ?

ಬೇಡ. ಕುಂಕುಮ, ಕರ್ಪೂರ, ನೆಲದ ಧೂಳು, ಯಾವಾಗ ಒಡೆದದ್ದೋ ಗೊತ್ತಿಲ್ಲ. ವೈದ್ಯಕೀಯ ವಸ್ತುವಿಗೆ ಪ್ರತಿ ಬ್ಯಾಚಿನ ಕಚ್ಚಾ ಮಾಲು ಎಲ್ಲಿಂದ, ಎಷ್ಟು ಗಂಟೆಗೆ ಬಂತು ಎಂದು ಬರೆದಿಡಬೇಕು.

ಎಳನೀರೇ ಒಳ್ಳೆಯದಲ್ಲವೇ?

ಎಳನೀರು ಮಾರಿದರೆ ದುಡ್ಡು ಬರುತ್ತದೆ, ಅದು ತ್ಯಾಜ್ಯವೇ ಅಲ್ಲ. ಬಲಿತ ಕಾಯಿನೀರಲ್ಲಿ 2-3% ಸಕ್ಕರೆ, ಪೊಟ್ಯಾಸಿಯಂ, ಅಮೈನೋ ಆಮ್ಲ ಇರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಡಿಪಾಯವಾಗಿ ಅಷ್ಟು ಸಾಕು, ಉಳಿದದ್ದನ್ನು ನಾವು ಸೇರಿಸುತ್ತೇವೆ.

ನೀರು ಹಿಡಿಯುವಾಗ ಏನು ನೋಡಬೇಕು?

ಎರಡೇ ವಿಷಯ: ಹೊತ್ತು ಮತ್ತು ಜಿಡ್ಡು. ಒಡೆದ ಎರಡು ಗಂಟೆಯೊಳಗೆ ಸೋಸಿ ಕುದಿಸಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೇ ಡ್ರಮ್ಮಿನಲ್ಲಿ ನೊರೆ ಏಳುತ್ತದೆ, ಅಂದರೆ ಯೀಸ್ಟ್ ನಿಮಗಿಂತ ಮೊದಲೇ ಸಕ್ಕರೆ ತಿಂದಾಯಿತು. ಇನ್ನು ಜಿಡ್ಡು. ಕಾಯಿ ತೊಳೆದ ನೀರೂ ತುರಿದ ಚೂರೂ ಒಂದೇ ಕಾಲುವೆಗೆ ಬೀಳುವ ಘಟಕಗಳೇ ಹೆಚ್ಚು. ಎಣ್ಣೆ ಪದರ ಮೇಲೆ ತೇಲಿದರೆ ಹಾಳೆ ಅಲ್ಲಲ್ಲಿ ತೂತಾಗುತ್ತದೆ. ಒಡೆಯುವ ಮೇಜಿನ ಕೆಳಗೇ ಪ್ರತ್ಯೇಕ ಸ್ಟೀಲ್ ದೋಣಿ ಕೂರಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಕಟ್ಟಿದ ಕೊಬ್ಬನ್ನು ತೆಗೆಯಿರಿ. ನೀರು ಕೆಡದಿರಲೆಂದು ಸಲ್ಫೈಟ್ ಹಾಕಬೇಡಿ, ಅದು ನಿಮ್ಮ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ.

ಹತ್ತು ಲೀಟರಿಗೆ ಅಳತೆ ಹೇಳಿ.

ಸೋಸಿದ ಕಾಯಿನೀರು 10 ಲೀಟರ್, ಸಕ್ಕರೆ 500 ಗ್ರಾಂ, ಅಮೋನಿಯಂ ಸಲ್ಫೇಟ್ 50 ಗ್ರಾಂ. ಮೂರನ್ನೂ ಸ್ಟೀಲ್ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು 30 ಡಿಗ್ರಿಗೆ ಇಳಿಸಿ. ತಣಿದ ಮೇಲೆ ಗ್ಲೇಶಿಯಲ್ ಅಸಿಟಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) 4.2 ಮತ್ತು 4.5ರ ನಡುವೆ ನಿಲ್ಲಿಸಿ. ಎಷ್ಟು ಮಿಲಿ ಎಂದು ಹೇಳುವುದಿಲ್ಲ, ನೀರಿನ ಪಿಎಚ್ ದಿನದಿನಕ್ಕೂ ಬೇರೆ. ಮೀಟರನ್ನೇ ನಂಬಿ. ಬಿಸಿ ಇರುವಾಗ ಹಾಕಿದರೆ ಆವಿ ಕಣ್ಣು, ಗಂಟಲು ಸುಡುತ್ತದೆ, ಆಮ್ಲವೂ ಹಾರಿಹೋಗುತ್ತದೆ. ಆಮೇಲೆ ಹೆಪ್ಪು, ಅಂದರೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದ ದ್ರವ, ಒಂದು ಲೀಟರ್.

ಅಮೋನಿಯಂ ಸಲ್ಫೇಟ್ ಅಂದರೆ ಗೊಬ್ಬರದ ಅಂಗಡಿಯದಲ್ಲ. ಅದರಲ್ಲಿ ಭಾರ ಲೋಹದ ಅಂಶ ಎಷ್ಟಿದೆ ಎಂದು ಯಾರೂ ಬರೆದುಕೊಡುವುದಿಲ್ಲ. ಲ್ಯಾಬ್ ಅಥವಾ ಆಹಾರ ದರ್ಜೆಯದೇ ಆಗಬೇಕು.

ಸಕ್ಕರೆ ಬದಲು ಬೆಲ್ಲ, ಕಾಕಂಬಿ ಹಾಕಿದರೆ ಖರ್ಚು ಇಳಿಯುತ್ತದಲ್ಲ?

ಬೆಳೆಯುವುದೇನೋ ಬೆಳೆಯುತ್ತದೆ. ಆದರೆ ಕಂದು ಬಣ್ಣ ಹಾಳೆಯ ಒಳಗಿಳಿದು ತೊಳೆಯುವ ದಿನ ದುಪ್ಪಟ್ಟಾಗುತ್ತದೆ. ಕಾಕಂಬಿಯಲ್ಲಿ ಲೋಹದ ಅಂಶ, ಸುಣ್ಣ, ಗಂಧಕ ಬ್ಯಾಚಿಗೊಂದು ಥರ. ಸಕ್ಕರೆಯಲ್ಲಿ ಉಳಿಸಿದ್ದನ್ನು ಪರೀಕ್ಷೆಗೆ ಸುರಿಯುತ್ತೀರಿ.

ಹೆಪ್ಪು ಎಲ್ಲಿ ಸಿಗುತ್ತದೆ? ಕೊಂಬುಚಾ (ಹುದುಗಿಸಿದ ಚಹಾ) ಕೆನೆ ಹಾಕಬಹುದೇ?

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸೂಕ್ಷ್ಮಜೀವಿ ಸಂಗ್ರಹ, ಚಂಡೀಗಢದ ಎಂಟಿಸಿಸಿ ಸಂಗ್ರಹ ಎರಡೂ ಶುದ್ಧ ತಳಿಗಳನ್ನು ಹಣ ಪಡೆದು ಕೊಡುತ್ತವೆ. ಕೊಂಬುಚಾ ಕೆನೆ ಹತ್ತಾರು ಯೀಸ್ಟ್, ಬ್ಯಾಕ್ಟೀರಿಯಾಗಳ ಸಂತೆ. ಶಾಲೆಯ ಪ್ರದರ್ಶನಕ್ಕೆ ಸಾಕು, ಗಾಯಕ್ಕಲ್ಲ.

ತಂದ ತಳಿಯನ್ನು ಮೊದಲ ವಾರದಲ್ಲೇ ಗ್ಲಿಸರಾಲ್ ಬೆರೆಸಿ ಸಣ್ಣ ಸೀಸೆಗಳಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಮಜ್ಜಿಗೆ ಹೆಪ್ಪಿನ ಹಾಗೆ ಹಳೆಯದರಿಂದ ಹೊಸದು, ಹೊಸದರಿಂದ ಇನ್ನೊಂದು ಎಂದು ತಿಂಗಳುಗಟ್ಟಲೆ ಎಳೆಯಬೇಡಿ. ಅದರಲ್ಲೂ ಶೇಕರ್‌ನಲ್ಲಿ ಕುಲುಕಿ ಬೆಳೆಸಿದರೆ ಸೆಲ್ಯುಲೋಸ್ ಹೆಣೆಯದ ರೂಪಾಂತರಗಳು ಗುಂಪಿನಲ್ಲಿ ಮೇಲುಗೈ ಪಡೆಯುತ್ತವೆ. ದ್ರವ ಮಬ್ಬಾಗಿ ಚೆನ್ನಾಗೇ ಬೆಳೆದಂತೆ ಕಾಣುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಐದಾರು ಸಲ ದಾಟಿಸಿದ ಮೇಲೆ ಹೊಸ ಸೀಸೆ ತೆಗೆಯುವುದು ಕ್ಷೇಮ.

ಟ್ರೇ ಯಾವುದು, ಎಷ್ಟು ದೊಡ್ಡದು?

ಆಹಾರ ದರ್ಜೆಯ ಪಾಲಿಪ್ರೊಪಿಲೀನ್. ಅಲ್ಯೂಮಿನಿಯಂ, ಜಿಂಕ್ ಲೇಪದ ತಗಡು ಬೇಡವೇ ಬೇಡ, ಹುಳಿಗೆ ಕರಗುತ್ತವೆ. ದ್ರವದ ಆಳ 4 ಸೆಂ.ಮೀ. ಸಾಕು. ಪದರ ಬೆಳೆಯುವುದು ಗಾಳಿ ತಾಗುವ ಮೇಲ್ಮೈಯಲ್ಲಿ, ಆದ್ದರಿಂದ ಅಗಲ ಮುಖ್ಯ, ಆಳವಲ್ಲ.

ಅಂಚಿನ ಎರಡು ಸೆಂ.ಮೀ. ಯಾವಾಗಲೂ ಸೊಟ್ಟ, ದಪ್ಪ ಏರುಪೇರು. ಕತ್ತರಿಸಿ ಬಿಸಾಡಬೇಕು. 30×40 ಸೆಂ.ಮೀ. ಟ್ರೇ ಕೊಂಡರೆ ಅಂಚು ಹೋಗಿ 26×36 ಉಳಿಯುತ್ತದೆ, 10×10ರ ತುಂಡು ಬರೀ ಆರು. 34×44 ಕೊಂಡರೆ ಹನ್ನೆರಡು. ಟ್ರೇ ಆರ್ಡರ್ ಮಾಡಿದ ಮೇಲೆ ಈ ಲೆಕ್ಕ ಹಾಕುವವರೇ ಹೆಚ್ಚು! 34×44ರ ಟ್ರೇಗೆ ಸುಮಾರು 6 ಲೀಟರ್ ಹಿಡಿಯುತ್ತದೆ.

ಮೇಲೆ ಒತ್ತಾದ ಬಟ್ಟೆ ಅಥವಾ ಕಾಗದ ಬಿಗಿದು ಕಟ್ಟಿ. ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಉಸಿರು ಕಟ್ಟುತ್ತದೆ.

ಎಷ್ಟು ದಿನ ಬಿಡಬೇಕು?

28-30 ಡಿಗ್ರಿಯಲ್ಲಿ ಡ್ರೆಸ್ಸಿಂಗ್‌ಗೆ ಬೇಕಾದ 3-5 ಮಿ.ಮೀ. ದಪ್ಪಕ್ಕೆ ಏಳರಿಂದ ಹತ್ತು ದಿನ. ತಿನ್ನುವ ನಾಟಾಗಾದರೆ ಒಂದು ಸೆಂ.ಮೀ. ದಾಟಬೇಕು, ಎರಡು ವಾರ ಅಥವಾ ಇನ್ನೂ ಹೆಚ್ಚು. ಅರಸೀಕೆರೆ ಕಡೆ ಡಿಸೆಂಬರ್ ರಾತ್ರಿಗಳಲ್ಲಿ ಕೋಣೆ ಬಿಸಿ ಮಾಡದಿದ್ದರೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. 35 ಡಿಗ್ರಿ ದಾಟಿದರೂ ಬೆಳವಣಿಗೆ ಕುಂಠಿತ. ಡ್ರೆಸ್ಸಿಂಗ್ ದಪ್ಪಕ್ಕೆ ಇಳುವರಿ ಒಣ ತೂಕದಲ್ಲಿ ಲೀಟರಿಗೆ ಒಂದೆರಡು ಗ್ರಾಂ. ಹಸಿ ತೂಕ ಅದರ ಐವತ್ತರಿಂದ ನೂರು ಪಟ್ಟು.

ಹಾಳೆ ಕೆಟ್ಟಿದೆ. ಏನು ತಪ್ಪಾಯಿತು?

ಪದರದಡಿ ಗುಳ್ಳೆ ತುಂಬಿ ಹಪ್ಪಳದಂತೆ ಉಬ್ಬಿದ್ದರೆ ಯೀಸ್ಟ್ ಸೇರಿದೆ. ಕುದಿಸಿದ್ದು ಸಾಲದು, ಇಲ್ಲವೇ ಹೆಪ್ಪೇ ಕೆಟ್ಟಿದೆ. ಎರಡು-ಮೂರು ಎಸಳಾಗಿ ಬಿಚ್ಚಿಕೊಂಡರೆ ಯಾರೋ ಟ್ರೇ ಅಲುಗಿಸಿದ್ದಾರೆ. ಮೊದಲ ಪದರ ತುಸು ಮುಳುಗಿದ ಕೂಡಲೇ ಅದರ ಮೇಲೆ ಹೊಸದು ಶುರುವಾಗುತ್ತದೆ. "ಬಂತಾ ನೋಡೋಣ" ಎಂದು ದಿನಾ ಬೆರಳಿನಿಂದ ಒತ್ತಿ ನೋಡುವುದೂ ಇದೇ ಸಾಲಿಗೆ. ಹಸಿರು, ಕಪ್ಪು ಚುಕ್ಕೆ ಬೂಷ್ಟು. ಆಹಾರಕ್ಕೆ ಮಾಡುವ ಕೆಲವರು ಅಷ್ಟನ್ನು ಕೆತ್ತಿ ತೆಗೆದು ಮುಂದುವರಿಸುತ್ತಾರೆ, ಅದೂ ತಪ್ಪು. ವೈದ್ಯಕೀಯಕ್ಕಂತೂ ಇಡೀ ಟ್ರೇ ಹೋಗಬೇಕು. ಹತ್ತು ದಿನವಾದರೂ ಕಾಗದದಷ್ಟೇ ತೆಳ್ಳಗಿದ್ದರೆ ಮೊದಲು ಪಿಎಚ್ ನೋಡಿ. ಗ್ಲೂಕೋಸ್ ಜಾಸ್ತಿ ಇದ್ದಾಗ ಬ್ಯಾಕ್ಟೀರಿಯಾ ಅದನ್ನು ಹೆಣೆಯುವ ಬದಲು ಗ್ಲುಕೋನಿಕ್ ಆಮ್ಲವಾಗಿಸುತ್ತದೆ, ಪಿಎಚ್ 3ರ ಹತ್ತಿರ ಕುಸಿದು ಎಲ್ಲ ನಿಂತುಬಿಡುತ್ತದೆ. ಪಿಎಚ್ ಸರಿ ಇದ್ದರೆ ತಳಿಯ ಮೇಲೆ ಅನುಮಾನ.

ಹಣ್ಣಿನ ನೊಣವನ್ನು ಹಗುರವಾಗಿ ಎಣಿಸಬೇಡಿ. ಬಟ್ಟೆಯ ಅಂಚಿನಿಂದ ನುಸುಳಿದ ಒಂದು ನೊಣ ಸಾಕು, ನಾಲ್ಕು ದಿನಕ್ಕೆ ಹಾಳೆಯ ಮೇಲೆ ಹುಳು ಹರಿದಾಡುತ್ತವೆ.

ತೊಳೆಯುವುದಕ್ಕೆ ಕಾಸ್ಟಿಕ್ ಸೋಡಾ ಏಕೆ? ಬಿಸಿನೀರು ಸಾಲದೇ?

ಸಾಲದು. ಟ್ರೇಯಿಂದ ಎತ್ತಿದ ಹಾಳೆ ತಿಳಿ ಕಂದು, ವಿನೆಗರ್ ವಾಸನೆ, ಮುಟ್ಟಿದರೆ ಲೋಳೆ. ಎಳೆಗಳ ಬಲೆಯೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾ ಸಿಕ್ಕಿಕೊಂಡಿವೆ. ಮೊದಲು ಹರಿಯುವ ನೀರಿನಲ್ಲಿ ತೊಳೆದು ಒಂದು ರಾತ್ರಿ ನೆನೆಸಿ. ಆಮೇಲೆ ಲೀಟರಿಗೆ 20ರಿಂದ 40 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ಕರಗಿಸಿದ ದ್ರಾವಣದಲ್ಲಿ 80-90 ಡಿಗ್ರಿಯಲ್ಲಿ ಒಂದು ಗಂಟೆ. ಕೆಲ ನಿಮಿಷದಲ್ಲೇ ದ್ರಾವಣ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಚೆಲ್ಲಿ, ಹೊಸ ದ್ರಾವಣದಲ್ಲಿ ಮತ್ತೆ. ದ್ರಾವಣ ತಿಳಿಯಾಗಿಯೇ ಉಳಿಯುವ ತನಕ, ಸಾಮಾನ್ಯವಾಗಿ ಎರಡು-ಮೂರು ಸಲ. ಹಾಳೆ ಆಗ ತಾಟಿನಿಂಗಿನಂತೆ ಬಿಳುಪಾಗಿ ಆಚೆಯ ಬೆಳಕು ಕಾಣುವಂತಾಗುತ್ತದೆ.

ಬೇಗ ಮುಗಿಯಲೆಂದು ಸೋಡಾವನ್ನು 10%ಗಿಂತ ಮೇಲೆ ಒಯ್ದರೆ ಸೆಲ್ಯುಲೋಸಿನ ಹರಳಿನ ರಚನೆಯೇ ಬದಲಾಗಿ ಹಾಳೆ ಕುಗ್ಗಿ ಮುದುಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ, ಸಿಡಿಯುತ್ತದೆ. ಕನ್ನಡಕ, ಉದ್ದ ಕೈಗವಸು ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಇಲ್ಲಿ ಇನ್ನೂ ಅಪಾಯ, ಹೈಡ್ರೋಜನ್ ಅನಿಲ ಏಳುತ್ತದೆ.

ಪಿಎಚ್ 7 ಬಂತು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವುದು) ಮಾಡಿದ ಮೇಲೆ ಮತ್ತೆ 9 ತೋರಿಸುತ್ತಿದೆ. ಏಕೆ?

ಹೊರಗೆ ತೊಳೆದಿದ್ದೀರಿ, ಒಳಗಲ್ಲ. ಕ್ಷಾರ ಹಾಳೆಯೊಳಗಿಂದ ನಿಧಾನವಾಗಿ ಇಳಿದು ಬರುತ್ತದೆ. ನಲ್ಲಿಯಡಿ ಗಂಟೆಗಟ್ಟಲೆ ಹಿಡಿಯುವುದು ನೀರು ದಂಡ. ಹಾಳೆಯ ಹತ್ತು ಪಟ್ಟು ತೂಕದ ನೀರಿನಲ್ಲಿ ನೆನೆಸಿ, ಆರು ಗಂಟೆಗೊಮ್ಮೆ ಬದಲಿಸಿ, ಮೂರು-ನಾಲ್ಕು ದಿನ ಮಾಡಿ. ರಾತ್ರಿಯಿಡೀ ನೆನೆದ ನೀರಿನ ಪಿಎಚ್ ಬೆಳಿಗ್ಗೆ ಹೊಸ ನೀರಿನಷ್ಟೇ ಇದ್ದರೆ ಮುಗಿಯಿತು.

ಆಟೋಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದಲ್ಲ, ಇಷ್ಟೆಲ್ಲ ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಈ ಬ್ಯಾಕ್ಟೀರಿಯಾ 'ಗ್ರಾಂ ನೆಗೆಟಿವ್' ಎಂಬ ಗುಂಪಿನದು. ಅದರ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ಕೊಬ್ಬು-ಸಕ್ಕರೆ ಅಣು ಇರುತ್ತದೆ. 121 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಹಾಗೇ ಉಳಿಯುತ್ತದೆ. ಅದು ಗಾಯದ ಮೂಲಕ ಒಳಹೊಕ್ಕರೆ ಉರಿಯೂತ, ಜ್ವರ ಬರಬಹುದು. ಅಂದರೆ ಹಾಳೆ ಸ್ಟೆರೈಲ್ ಇದ್ದೂ ಬಳಕೆಗೆ ಬಾರದಿರಬಹುದು.

ಬಿಸಿ ಕ್ಷಾರ ಎಂಡೋಟಾಕ್ಸಿನನ್ನು ಒಡೆಯುತ್ತದೆ, ಸೋಡಾದ ನಿಜವಾದ ಕೆಲಸ ಅದೇ. ಆದರೆ ಆಮೇಲೆ ಟ್ಯಾಂಕಿನಲ್ಲಿ ವಾರ ನಿಂತ ಆರ್‌ಒ ನೀರಿನಲ್ಲಿ ತೊಳೆದರೆ ಆ ನೀರಿನ ಬ್ಯಾಕ್ಟೀರಿಯಾಗಳ ಎಂಡೋಟಾಕ್ಸಿನ್ ಹಾಳೆಗೆ ಸೇರುತ್ತದೆ. ತೆಗೆದದ್ದು ವಾಪಸ್ ಬಂತು! ಕೊನೆಯ ಎರಡು ತೊಳೆತಕ್ಕೆ ಇಂಜೆಕ್ಷನ್ ದರ್ಜೆಯ ನೀರೇ ಬೇಕು. ಪರೀಕ್ಷೆಗೆ ಎಲ್‌ಎಎಲ್ ವಿಧಾನವಿದೆ, ಹಾರ್ಸ್‌ಶೂ ಏಡಿಯ ರಕ್ತದಿಂದ ತಯಾರಾದ ಕಾರಕ ಎಂಡೋಟಾಕ್ಸಿನ್ ತಾಗಿದರೆ ಹೆಪ್ಪುಗಟ್ಟುತ್ತದೆ. ಎಂಡೋಟಾಕ್ಸಿನ್ ಪರೀಕ್ಷೆ ಅನ್ವಯವಾಗುವ ಸಾಧನಗಳಿಗೆ ಸಾಮಾನ್ಯವಾಗಿ ಬಳಸುವ ಮಿತಿ ಒಂದು ಸಾಧನಕ್ಕೆ 20 ಎಂಡೋಟಾಕ್ಸಿನ್ ಯೂನಿಟ್. ಇಲ್ಲೊಂದು ಎಡವಟ್ಟು: ಕೆಲವು ಸೆಲ್ಯುಲೋಸ್ ಮೂಲದ ಬೀಟಾ-ಗ್ಲೂಕಾನ್‌ಗಳೂ ಎಲ್‌ಎಎಲ್ ಕಾರಕವನ್ನು ಕೆರಳಿಸುತ್ತವೆ. ಗ್ಲೂಕಾನ್ ತಡೆಯುವ ಬಫರ್ ಬಳಸಿ ಪರೀಕ್ಷೆ ಮಾಡುವಂತೆ ಲ್ಯಾಬಿಗೆ ಬರೆದು ತಿಳಿಸಿ, ಇಲ್ಲದಿದ್ದರೆ ಒಳ್ಳೆಯ ಬ್ಯಾಚೂ ಫೇಲ್ ಆಗಬಹುದು.

ಒಣಗಿಸಿ ಮಾರಬಹುದೇ?

ಬಿಸಿಲಲ್ಲೋ ಓವನ್ನಿನಲ್ಲೋ ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿ ಪಾರದರ್ಶಕ ಕಾಗದವಾಗುತ್ತದೆ. ಮತ್ತೆ ಎಷ್ಟು ನೆನೆಸಿದರೂ ಮೊದಲಿನಷ್ಟು ನೀರು ಹಿಡಿಯುವುದಿಲ್ಲ. ಫ್ರೀಜ್ ಡ್ರೈ ಮಾಡಿದರೆ ಸ್ಪಂಜಿನಂತೆ ರಂಧ್ರ ಉಳಿಯುತ್ತದೆ, ಯಂತ್ರ ದುಬಾರಿ. ಒಣಗಿಸುವ ಮೊದಲು ಗ್ಲಿಸರಾಲ್ ದ್ರಾವಣದಲ್ಲಿ ಅದ್ದಿದರೆ ಬಳುಕು ಉಳಿಯುತ್ತದೆ. ಶುರುಮಾಡುವವರಿಗೆ ನಮ್ಮ ಸಲಹೆ: ಹಸಿಯಾಗಿಯೇ ಒತ್ತಿ ದಪ್ಪ ಇಳಿಸಿ, ಪೌಚಿನಲ್ಲಿ ಸೀಲ್ ಮಾಡಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್. ಗಾಮಾ ವಿಕಿರಣವೂ ಆಗುತ್ತದೆ, 25 ಕಿಲೋಗ್ರೇ ರೂಢಿಯ ಪ್ರಮಾಣ, ಆದರೆ ವಿಕಿರಣ ಸೆಲ್ಯುಲೋಸ್ ಸರಪಳಿಯನ್ನು ಕತ್ತರಿಸುತ್ತದೆ. ಮೊದಲೂ ಆಮೇಲೂ ಎಳೆದು ಬಲ ಅಳೆಯಿರಿ.

ಯಾವ ಗಾಯಕ್ಕೆ ಒಳ್ಳೆಯದು?

ಅದು ವೈದ್ಯರ ತೀರ್ಮಾನ. ಚರ್ಮದ ಮೇಲುಭಾಗ ಸುಟ್ಟ ಗಾಯ, ಕಸಿಗಾಗಿ ಚರ್ಮ ತೆಗೆದ ಜಾಗ, ತರಚು ಗಾಯಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ತೇವ ಕಾಯುತ್ತದೆ, ತಂಪು, ಗಾಜ್ ಬಟ್ಟೆಯಂತೆ ಅಂಟಿಕೊಂಡು ಬಿಚ್ಚುವಾಗ ಹೊಸ ಚರ್ಮ ಕೀಳುವುದಿಲ್ಲ. ತಾನಾಗಿ ಸೋಂಕು ಕೊಲ್ಲುವ ಗುಣ ಇದಕ್ಕಿಲ್ಲ, ಕೀವಾದ ಗಾಯವನ್ನು ಮುಚ್ಚಿದರೆ ಅಪಾಯ. ನಮ್ಮ ದೇಹದಲ್ಲಿ ಸೆಲ್ಯುಲೋಸ್ ಕರಗಿಸುವ ಕಿಣ್ವವಿಲ್ಲ, ಆದ್ದರಿಂದ ಒಳಗೆ ಕರಗುವ ಹೊಲಿಗೆ ದಾರದಂತೆ ಇದನ್ನು ಬಳಸಲಾಗದು.

ಮನೆಯಲ್ಲಿ ಬೆಳೆಸಿದ್ದನ್ನು ಯಾರ ಗಾಯದ ಮೇಲೂ ಇಡಬೇಡಿ. ನಿಮ್ಮದರ ಮೇಲೂ.

ಅರಿಶಿನ, ಬೆಳ್ಳಿ ಸೇರಿಸಿದರೆ ಬೆಲೆ ಬರುತ್ತದಲ್ಲ?

ಬರಬಹುದು. ಆದರೆ ಔಷಧ ಗುಣದ ವಸ್ತು ಸೇರಿದ ಕೂಡಲೇ ಕಾನೂನಿನಲ್ಲಿ ಅದರ ವರ್ಗ ಮೇಲೇರಿ ಪರೀಕ್ಷೆಗಳ ಪಟ್ಟಿ ಉದ್ದವಾಗುತ್ತದೆ. ಅರಿಶಿನದ ಹಳದಿ ಗಾಯದ ಕೆಂಪನ್ನೂ ಕೀವನ್ನೂ ಮರೆಮಾಚುತ್ತದೆ ಎಂಬುದು ಬೇರೆ. ಮೊದಲು ಬಿಳಿ ಹಾಳೆಯನ್ನು ದಡ ಮುಟ್ಟಿಸಿ.

ಲೈಸೆನ್ಸ್ ಬೇಕೇ?

ಬೇಕು. 2017ರ ವೈದ್ಯಕೀಯ ಸಾಧನ ನಿಯಮಗಳಡಿ ಸಾಧನಗಳಿಗೆ ಎ, ಬಿ, ಸಿ, ಡಿ ಎಂದು ಅಪಾಯದ ನಾಲ್ಕು ವರ್ಗ. ಬರೀ ಮುಚ್ಚುವ, ಸ್ರಾವ ಹೀರುವ ಡ್ರೆಸ್ಸಿಂಗ್ ಕೆಳಗಿನ ವರ್ಗದಲ್ಲಿ, ಗಾಯದ ತೇವ ನಿಭಾಯಿಸುತ್ತದೆ ಎಂದರೆ ಬಿ, ಒಳಚರ್ಮ ದಾಟಿದ ಆಳ ಗಾಯಕ್ಕೆಂದರೆ ಸಿ. ಪೊಟ್ಟಣದ ಮೇಲೆ ನೀವು ಬರೆಯುವ ಒಂದು ಸಾಲು ವರ್ಗ ನಿರ್ಧರಿಸುತ್ತದೆ. ಎ, ಬಿ ತಯಾರಿಕೆಗೆ ರಾಜ್ಯದ ಪ್ರಾಧಿಕಾರ: ಅರ್ಜಿ ಎಂಡಿ-3, ಪರವಾನಗಿ ಎಂಡಿ-5. ಸಿ, ಡಿಗೆ ಕೇಂದ್ರದ್ದು. ಪರೀಕ್ಷೆಗಾಗಿ ಸ್ವಲ್ಪವೇ ತಯಾರಿಸಲೂ ಎಂಡಿ-12ರಲ್ಲಿ ಅರ್ಜಿ ಹಾಕಿ ಎಂಡಿ-13 ಪಡೆಯಬೇಕು. ಜೀವಕೋಶಕ್ಕೆ ವಿಷವೇ, ಚರ್ಮ ಕೆರಳುತ್ತದೆಯೇ, ಅಲರ್ಜಿ ಬರುತ್ತದೆಯೇ ಎಂಬ ಪರೀಕ್ಷೆಗಳು ಐಎಸ್‌ಒ 10993 ಸರಣಿಯವು. ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485.

ಸಣ್ಣ ಘಟಕಕ್ಕೆ ಇದು ಕೈಗೆಟಕುವುದೇ?

ಪೂರ್ತಿ ಒಬ್ಬರೇ ಮಾಡುವುದು ಕಷ್ಟ. ಕ್ಲೀನ್ ರೂಂ, ಇಂಜೆಕ್ಷನ್ ದರ್ಜೆಯ ನೀರು, ಪರೀಕ್ಷಾ ಶುಲ್ಕ, ಇವುಗಳ ಮುಂದೆ ಸಕ್ಕರೆ ಖರ್ಚು ಏನೂ ಅಲ್ಲ. ನಡೆಯುವ ದಾರಿ ಎಂದರೆ ಘಟಕದವರು ನೀರು ಹಿಡಿದು ಹಾಳೆ ಬೆಳೆಸಿ ಮೊದಲ ಕ್ಷಾರ ತೊಳೆತದವರೆಗೆ ಮಾಡಿ, ಪರವಾನಗಿ ಇರುವ ಡ್ರೆಸ್ಸಿಂಗ್ ತಯಾರಕರಿಗೆ ಕೊಡುವುದು. ಅದಕ್ಕೂ ಮೊದಲು ಅದೇ ಟ್ರೇಗಳಲ್ಲಿ ಆಹಾರ ಪರವಾನಗಿ ಪಡೆದು ನಾಟಾ ಮಾಡಿ ಕೈ ಪಳಗಿಸಿಕೊಳ್ಳುವುದು ಇನ್ನೂ ಜಾಣತನ.

ಬೇರೆ ಯಾವ ತ್ಯಾಜ್ಯದಿಂದ ಇಂಥದ್ದು ಆಗುತ್ತದೆ?

ಸಿಗಡಿ ಸಿಪ್ಪೆಯಿಂದ ಕೈಟೊಸಾನ್, ರಕ್ತ ನಿಲ್ಲಿಸುವ ಪಟ್ಟಿಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ. ಮಲ್ಪೆ, ಮಂಗಳೂರಿನವರು ಯೋಚಿಸಬೇಕಾದದ್ದು ಅದು. ಮೊಟ್ಟೆ ಸಿಪ್ಪೆಯನ್ನು 900 ಡಿಗ್ರಿಯಲ್ಲಿ ಸುಟ್ಟು ಸಿಗುವ ಸುಣ್ಣಕ್ಕೆ ಫಾಸ್ಫೇಟ್ ಕೂಡಿಸಿದರೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್. ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದವರು ಡುರಿಯನ್ ಹಣ್ಣಿನ ಸಿಪ್ಪೆಯ ಸೆಲ್ಯುಲೋಸಿನಿಂದ ಜೆಲ್ ಪಟ್ಟಿ ಮಾಡಿ ತೋರಿಸಿದ್ದಾರೆ. ಬಾಳೆದಿಂಡಿನ ನಾರು ಸ್ಯಾನಿಟರಿ ಪ್ಯಾಡಿಗೆ ಹೋಗುತ್ತಿದೆ.

ಹಾಳೆ ತೆಗೆದ ಮೇಲೆ ಉಳಿಯುವ ಹುಳಿ ದ್ರವ, ಸೋಡಾ ನೀರು ಎಲ್ಲಿ ಬಿಡಬೇಕು?

ಒಂದು ಹುಳಿ, ಇನ್ನೊಂದು ಕ್ಷಾರ. ಎರಡನ್ನೂ ಬೇರೆ ಬೇರೆ ತೊಟ್ಟಿಯಲ್ಲಿ ಹಿಡಿದಿಟ್ಟು, ತಣಿದ ಮೇಲೆ ನಿಧಾನವಾಗಿ ಬೆರೆಸಿ ಪಿಎಚ್ 7ರ ಸುತ್ತ ತಂದರೆ ಹೊಸ ಆಮ್ಲದ ಖರ್ಚು ಉಳಿಯುತ್ತದೆ. ಹಾಗೆಂದು ಅದನ್ನು ತೋಟಕ್ಕೆ ಬಿಡಬೇಡಿ. ಸೋಡಿಯಂ ಮಣ್ಣನ್ನು ಗಟ್ಟಿಯಾಗಿಸುತ್ತದೆ, ಸಕ್ಕರೆ-ಸಾರಜನಕದ ಹೊರೆಯೂ ಇಳಿದಿಲ್ಲ. ಶುದ್ಧೀಕರಣ ಘಟಕಕ್ಕೇ ಹೋಗಬೇಕು. ಸೋಡಾ ತಾಗದ ಹುಳಿ ದ್ರವದಲ್ಲಿ ಒಂದಷ್ಟನ್ನು, ಬೂಷ್ಟು ಯೀಸ್ಟ್ ಇಲ್ಲವೆಂದು ಖಾತ್ರಿಯಾದರೆ ಮಾತ್ರ, ನಾಟಾ ಮಾಡುವ ಟ್ರೇಗೆ ಹೆಪ್ಪಾಗಿ ಹಾಕಬಹುದು. ಡ್ರೆಸ್ಸಿಂಗ್ ಟ್ರೇಗೆ ಸೀಸೆಯ ತಳಿಯಿಂದಲೇ ಹೊಸ ಹೆಪ್ಪು.